ನಿಮ್ಮ ಕಣಿವೆ ಯಾವ ವಾರ್ಡು?

ಅಣ್ಣನ ಮಗಳು ಕಾಲೇಜಿನ ಪ್ರಾಜೆಕ್ಟ್‌ಗೆ ಬೆಂಗಳೂರಿನ ವೃಷಭಾವತಿ ನದಿಯ ಜಲಾನಯನ ಪ್ರದೇಶ, ಅಂದರೆ ಬಿದ್ದ ಮಳೆ ಹರಿದು ಆ ನದಿ ಸೇರುವ ಕಣಿವೆ, ಆರಿಸಿಕೊಂಡಳು. "ಚಿಕ್ಕಪ್ಪ, ಒಂದು ಮ್ಯಾಪು, ಹತ್ತು ವರ್ಷದ ನೀರಿನ ಲೆಕ್ಕ ಸಿಕ್ಕಿದ್ರೆ ಸಾಕು" ಅಂದಳು. ಅಷ್ಟೇ ಅಲ್ವಾ ಅಂತ ನಾನೂ ಹೊರಟೆ.

ಮೊದಲ ಕಚೇರಿಯಲ್ಲಿ ಗುಮಾಸ್ತರು ಕನ್ನಡಕ ಏರಿಸಿ ಕೇಳಿದರು: "ನಿಮ್ಮ ಕಣಿವೆ ಯಾವ ವಾರ್ಡು?"

ವಿವರಿಸಿದೆ. ಬೆಂಗಳೂರು ಕೂತಿರುವುದೇ ದಿಬ್ಬದ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ. ನೀರು ಇಳಿಜಾರು ನೋಡುತ್ತೆ ಸಾರ್, ವಾರ್ಡು ನೋಡಲ್ಲ.

"ಹಾಗಾದ್ರೆ ನಮ್ಮಲ್ಲಿ ಬರಲ್ಲ" ಅಂದರು.

ಆಮೇಲೆ ತಿಳಿಯಿತು. ಕೆರೆ ಒಬ್ಬರದು, ಕೊಳಚೆ ಇನ್ನೊಬ್ಬರದು, ನೆಲದಡಿಯ ನೀರು ಮತ್ತೊಬ್ಬರದು. ಮಳೆ ಮೋಡದಲ್ಲಿ ಇರುವವರೆಗೆ ಹವಾಮಾನದವರದು. ಕೆಳಗೆ ಬಿದ್ದ ಮೇಲೆ, ಅದು ನುಗ್ಗಿದ ಮನೆಯವರದು.

ನಾಲ್ಕನೇ ಕಚೇರಿಯಲ್ಲಿ ಪುಣ್ಯಾತ್ಮರೊಬ್ಬರು ಪಿಡಿಎಫ್ ಕೊಟ್ಟರು. ನಕ್ಷೆಯದಲ್ಲ, ನಕ್ಷೆಯ ಜೆರಾಕ್ಸಿನ ಫೋಟೋದ್ದು, ಅದೂ ಅಡ್ಡಡ್ಡ. ನದಿಯ ನಡುವೆ ಸ್ಟೇಪ್ಲರ್ ಪಿನ್ನಿನ ನೆರಳು ಬಿದ್ದಿತ್ತು. ಮಗು ಪಾಪ, ಅದನ್ನು ಚೆಕ್ ಡ್ಯಾಂ ಅಂದುಕೊಂಡು ಎರಡು ಪುಟ ಬರೆದಿದ್ದಳು.

ಹಳೇ ನಕ್ಷೆಯಲ್ಲಿ ಧರ್ಮಾಂಬುಧಿ ಕೆರೆ ಇದೆ. ಹೊಸದರಲ್ಲಿ ಅಲ್ಲೇ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುವ ಕೆಲಸ ಮಾತ್ರ ಯಾರ ಟೇಬಲ್ಲಿಗೂ ಬಂದಿಲ್ಲ.

ಕೊನೆಗೆ ಮ್ಯಾಪು ಸಿಕ್ಕಿದ್ದು ನಮ್ಮ ಬೀದಿಯ ಸೈಟ್ ಬ್ರೋಕರ್ ಹತ್ತಿರ. ಬೀರು ತೆಗೆದ. ಹೋಬಳಿವಾರು ಗ್ರಾಮ ನಕ್ಷೆಗಳು, ಒಂದೊಂದಕ್ಕೂ ಲ್ಯಾಮಿನೇಷನ್! ಮಳೆನೀರು ಹರಿಯುವ ರಾಜಕಾಲುವೆಗೆ ನೀಲಿ ಸ್ಕೆಚ್ ಪೆನ್ನು, ಸಾಗುವಳಿಗೆ ಬಾರದ ಖರಾಬು ಜಮೀನಿಗೆ ಹಳದಿ. ಯಾವ ಕೆರೆಯ ಕೋಡಿ ಎಲ್ಲಿ, ತೂಬು ಎಲ್ಲಿ, ಯಾವ ಸರ್ವೆ ನಂಬರಿನಲ್ಲಿ ಹಳ್ಳ ತಿರುಗುತ್ತದೆ, ಬಾಯಿಪಾಠ ಹೇಳಿದ. ಹಳ್ಳಿ ಗಡಿ ದಾಟಿದರೂ ಗೆರೆ ತಪ್ಪದ ಹಾಗೆ ಹಾಳೆಗಳನ್ನು ಅಂಟಿಸಿದ್ದ. ಈ ಊರಿನ ಜಲವಿಜ್ಞಾನ ಇಷ್ಟು ಚೊಕ್ಕವಾಗಿ ಇನ್ನೆಲ್ಲೂ ಕಂಡಿರಲಿಲ್ಲ.

"ಇಷ್ಟೆಲ್ಲಾ ಯಾಕಪ್ಪಾ?" ಅಂದೆ.

"ಎಲ್ಲಿ ಕಡಿಮೆಗೆ ಸಿಗುತ್ತೆ ಅಂತ ಗೊತ್ತಾಗ್ಬೇಕಲ್ಲ ಸಾರ್."

ಅಣ್ಣನ ಮಗಳು ಅಷ್ಟರಲ್ಲಿ ಬಗ್ಗಿ, ನೀಲಿ ಗೆರೆಯ ಮೇಲೆ ಬೆರಳಿಟ್ಟುಕೊಂಡು ಬರುತ್ತಿದ್ದಳು. ದೇವಸ್ಥಾನ ದಾಟಿತು, ಹಾಲಿನ ಬೂತ್ ದಾಟಿತು. "ಚಿಕ್ಕಪ್ಪ, ಇದು ನಿಮ್ಮ ಅಡುಗೆಮನೆ ಅಲ್ವಾ?"

ಬ್ರೋಕರ್ ಮೆಲ್ಲಗೆ ಹಾಳೆ ಸುತ್ತಿದ. "ಅದು ಹಳೇ ಇಂಕು ಸಾರ್. ಸ್ವಲ್ಪ ಹರಡ್ಕೊಂಡಿದೆ."