ಬಾಳೆಹಣ್ಣು ಯಾರಿಗೆ ಕೊಡಬೇಕು ಅಂತ ನಾನು ಹೇಳೂದಿಲ್ಲ

ಸಿಟ್ಟು ಬಂದಿದೆ. ಬರೆದರೆ ಇಳೀಬಹುದು ಅಂತ ಕೂತಿದ್ದೇನೆ. ಉದ್ದ ಆಗ್ತದೆ, ಪುರುಸೊತ್ತಿದ್ದವರು ಓದಿ.

ಅಣ್ಣನ ಮಗ ಬೆಂಗಳೂರಿಂದ ಅಂಕೋಲೆಗೆ ರಜೆಗೆ ಬಂದಿದ್ದಾನೆ. ನಿನ್ನೆ ಮಧ್ಯಾಹ್ನ ಕರಿ ಈಶಾಡು ಮಾವಿನಹಣ್ಣು ಹೆಚ್ಚಿ ತಟ್ಟೆಯಲ್ಲಿ ಕೊಡಲು ಹೋದೆ. ತೊಡೆ ಮೇಲೆ ಸ್ವಿಚ್ ಲೈಟ್ ಅನ್ನುವ ಆಟದ ಯಂತ್ರ. ಅದರಲ್ಲಿ ಯಾವ ಆಟ ಅಂತೀರಿ? 'ಲಿಂಕ್ಸ್ ಅವೇಕನಿಂಗ್', ನನ್ನ ಬಾಲ್ಯದ ಆಟ! ಖುಷಿಗೆ ತಟ್ಟೆ ಕೈಯಿಂದ ಜಾರೂದೊಂದೇ ಬಾಕಿ. ಆಮೇಲೆ ನೋಡಿದೆ, ಪಕ್ಕದಲ್ಲಿ ನೀರಿನ ಚೊಂಬಿಗೆ ಒರಗಿಸಿಟ್ಟ ಫೋನು. ಅದರಲ್ಲಿ ಯಾರೋ ಪುಣ್ಯಾತ್ಮ ಇದೇ ಆಟ ಆಡಿ ತೋರಿಸ್ತಿದ್ದಾನೆ. ಅವ ಎಡಕ್ಕೆ ಹೋದರೆ ಇವನೂ ಎಡಕ್ಕೆ. ಅವ ಪೊದೆ ಕಡಿದರೆ ಇವನೂ ಪೊದೆ ಕಡಿದ. ಭಾಗವತರ ಪದಕ್ಕೆ ಹೆಜ್ಜೆ ಹಾಕಿದ ಹಾಗೂ ಅಲ್ಲ, ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದ ಹಾಗೆ.

"ಕೊನೇ ಸೀನೂ ನೋಡ್ಬಿಟ್ಟೆ ಅತ್ತೆ. ಸ್ಯಾಡ್ ಎಂಡಿಂಗ್" ಅಂದ, ಗೊರಟೆ ಚೀಪುತ್ತಾ.

ಹನ್ನೊಂದು ತಿಂಗಳು ಮಾರಾಯ್ರೆ. ಆ ಕೊನೇ ಸೀನು ನೋಡೂಕೆ ನನಗೆ ಹನ್ನೊಂದು ತಿಂಗಳು ಹಿಡಿದಿತ್ತು.

ನಮ್ಮ ಮನೆಯ ಆ ಕಾಲ ಕಂಡವರಿಗೆ ನೆನಪಿದ್ದೀತು. 1996ರಲ್ಲಿ ಮಸ್ಕತ್ತಿನಿಂದ ಬಂದ ಮಾವ ಒಂದು ಗೇಮ್ ಬಾಯ್, ಅಂದರೆ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ, ತಂದುಕೊಟ್ಟಿದ್ದ. ಹೆಸರಲ್ಲೇ 'ಬಾಯ್' ಇದೆ, ಹಾಗಾಗಿ ಅದು ಅಣ್ಣನದ್ದು ಅಂತ ಮನೆಯಲ್ಲಿ ತೀರ್ಮಾನ ಆಯ್ತು. ನನಗೆ ಒಂದು ಸೆಂಟ್ ಬಾಟಲಿ. ಅಣ್ಣ ಎರಡು ವಾರ ಆಡಿ ಬೇಜಾರಾಗಿ ಕ್ರಿಕೆಟ್ಟಿಗೆ ಓಡಿದ. ಅವ ಗದ್ದೆಗೆ ಇಳಿದದ್ದೇ ತಡ, ಯಂತ್ರ ನನ್ನ ಕೈಗೆ.

ಈಗಿನವರಿಗೆ ಹೇಳಿದರೆ ನಗ್ತಾರೆ. 1989ರ ಯಂತ್ರ ಅದು. ಪರದೆಗೆ ಬಣ್ಣ ಇಲ್ಲ, ಬಾವಿಯ ಪಾಚಿಯಂಥ ಹಸಿರಿನ ನಾಲ್ಕು ಛಾಯೆ, ಅಷ್ಟೇ. ಒಳಗಿಂದ ಬೆಳಕೂ ಇಲ್ಲ. ನಮ್ಮ ಕಡೆ ಜೂನ್ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಕತ್ತಲೆ, ಹಾಗಾಗಿ ಜಗಲಿ ತುದಿಯಲ್ಲಿ ಎರಚಲು ಬಡಿಸಿಕೊಳ್ಳುತ್ತಾ ಕೂರಬೇಕು. 4 ಪೆನ್ಸಿಲ್ ಸೆಲ್ ಬೇಕು. ಮುಗಿದವನ್ನು ಬಿಸಿಲಿಗಿಟ್ಟು ಇನ್ನರ್ಧ ಗಂಟೆ ಆಡೂದು, ಮಳೆಗಾಲದಲ್ಲಿ ಬಿಸಿಲೆಲ್ಲಿ? ಗೋಡೆ ಗಡಿಯಾರದ ಸೆಲ್ ಕಿತ್ತೆ. ಎರಡು ದಿನ ನಮ್ಮ ಮನೆಯಲ್ಲಿ ಹತ್ತೂ ಇಪ್ಪತ್ತೇ ಆಗಿತ್ತು. ಅಪ್ಪ ರಿಪೇರಿಗೆ ಒಯ್ದಿದ್ರು, ಪಾಪ.

ಆಟ ಇಷ್ಟೇ. ಹಡಗು ಒಡೆದು ಒಬ್ಬ ಹುಡುಗ ಕೊಹೊಲಿಂಟ್ ಅನ್ನುವ ದ್ವೀಪದ ದಂಡೆಗೆ ಬಂದು ಬೀಳ್ತಾನೆ. ಬೆಟ್ಟದ ತುದಿಯಲ್ಲೊಂದು ದೊಡ್ಡ ಮೊಟ್ಟೆ, ಅದರೊಳಗೆ ಒಂದು ಮೀನು ಮಲಗಿದೆ. ಎಂಟು ವಾದ್ಯ ಹುಡುಕಿ ತಂದು ನುಡಿಸಿ ಅದನ್ನು ಎಬ್ಬಿಸಬೇಕು. ಎದ್ದರೆ ಎಂತ ಆಗ್ತದೆ? ಹೇಳೂದಿಲ್ಲ. ನಾನು ಅಂಥವಳಲ್ಲ.

ಅವನ ಕತ್ತಿಯೂ ದಂಡೆಯಲ್ಲೇ ಸಿಗೂದು. ಅದಾದ ಮೇಲೆ ಎಷ್ಟು ಸಲ ನಮ್ಮೂರ ನದಿಬಾಗದ ದಂಡೆಯಲ್ಲಿ ಕಾಲಲ್ಲಿ ಮರಳು ಕೆದಕಿದ್ದೇನೋ. ಒಂಟಿ ಚಪ್ಪಲಿ, ಬಲೆಯ ಬೆಂಡು, ಕೊಳೆತ ತೆಂಗಿನಕಾಯಿ. ಕತ್ತಿ ಸಿಗಲಿಲ್ಲ, ಆದರೆ ಹುಡುಕೂದು ಬಿಡಲಿಲ್ಲ.

ನಾನು ಕನ್ನಡ ಶಾಲೆ. ಆಟದಲ್ಲಿ ಬರುವ ಇಂಗ್ಲಿಷಿನಲ್ಲಿ ಅರ್ಧಕ್ಕರ್ಧ ತಿಳೀತಿರಲಿಲ್ಲ. ದುಡ್ಡಿಗೆ ಅಲ್ಲಿ 'ರೂಪಿ' ಅಂತಾರೆ. ಇದು ನಮ್ಮ ರೂಪಾಯಿಯೇ, ನಮಗಾಗಿಯೇ ಮಾಡಿದ ಆಟ ಅಂತ ಬಹಳ ಕಾಲ ನಂಬಿದ್ದೆ. ನಕ್ಷೆ ಒಟ್ಟು 16 ಅಡ್ಡ, 16 ಉದ್ದ, 256 ಚೌಕ. ಗಣಿತದ ಚೌಕಳಿ ಪಟ್ಟಿಯಲ್ಲಿ ಒಂದೊಂದೇ ಚೌಕ ತುಂಬಿಸಿದ್ದೇನೆ. ಎಲ್ಲಿ ಬಿರುಕು ಬಿಟ್ಟ ಗೋಡೆ, ಎಲ್ಲಿ ಎತ್ತಲಾಗದ ಕಲ್ಲು, ಎಲ್ಲಿ ಎಂತದೋ ಇದೆ ಆದರೆ ಎಂತ ಅಂತ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಸಣ್ಣ ಸೊನ್ನೆ. ಆ ಸೊನ್ನೆಗಳಿಗಾಗಿಯೇ ಬೆಳಿಗ್ಗೆ ಏಳ್ತಿದ್ದೆ. ಇವನ ಹತ್ತಿರ ಒಂದಾದರೂ ಸೊನ್ನೆ ಇದೆಯಾ?

ಬಾಳೆಹಣ್ಣಿನ ಕತೆ ಕೇಳಿ. ಒಂದು ಹಂತದಲ್ಲಿ ನಿಮ್ಮ ಕೈಗೆ ಬಾಳೆಹಣ್ಣು ಬರ್ತದೆ. ಯಾರಿಗೆ ಕೊಡಬೇಕು? ಮೂರು ವಾರ ಇಡೀ ದ್ವೀಪಕ್ಕೆ ಅದನ್ನು ಹೊತ್ತು ತಿರುಗಿದೆ. ಒಂದಿನ ಸಂಜೆ ಹಿತ್ತಲಲ್ಲಿ ಅಜ್ಜಿ ಕೂಗು ಹಾಕಿದ್ಳು, ಮಂಗ ಬಾಳೆಗೊನೆ ಹರಿದು ಓಡ್ತಿತ್ತು. ಎಲ್ಲರೂ ಹಿತ್ತಲಿಗೆ ಓಡಿದರೆ ನಾನೊಬ್ಬಳು ಒಳಗೆ ಓಡಿದೆ. ಕೋಟೆಯ ಹತ್ತಿರ ಒಂದು ಮಂಗ ಸುಮ್ಮನೆ ಕೂತಿದ್ದು ನೆನಪಾಗಿತ್ತು! ಕೊಟ್ಟೆ. ತನ್ನ ಬಳಗ ಕರೆದು ಸೇತುವೆ ಕಟ್ಟಿಬಿಟ್ಟಿತು. ಮಂಗಗಳು ಸೇತುವೆ ಕಟ್ಟೂದು ನಮಗೇನು ಹೊಸ ಸುದ್ದಿಯಾ, ಈ ಕತೆ ಆಟ ಮಾಡಿದ ಜಪಾನಿನವರಿಗೆ ಹೇಗೆ ಗೊತ್ತಾಯ್ತು ಅಂತಲೇ ನನಗೆ ಸೋಜಿಗ.

ಇವ ಅದೇ ಜಾಗವನ್ನು ನಿನ್ನೆ ನಲವತ್ತು ಸೆಕೆಂಡಿನಲ್ಲಿ ದಾಟಿದ. ಆಕಳಿಸಿದ ಕೂಡ.

ಅಣ್ಣನಿಗೆ ಫೋನ್ ಹಚ್ಚಿ ಬೈದೆ. "ಸಿಕ್ಕಿಹಾಕಿಕೊಂಡು ಒದ್ದಾಡೂದ್ರಲ್ಲಿ ಎಂತ ಸುಖ ಇದೆಯೇ? ಆಗ ಯೂಟ್ಯೂಬ್ ಇದ್ದಿದ್ರೆ ನೀನೂ ನೋಡ್ತಿದ್ದೆ" ಅಂದ. ನೋಡ್ತಿದ್ದೆನೇನೋ. ಇರಲಿಲ್ಲ, ನನ್ನ ಪುಣ್ಯ. ಅಷ್ಟಕ್ಕೂ ಆಟದ ಒಳಗೇ ಫೋನ್ ಇದೆ! ಅಲ್ಲಲ್ಲಿ ಎಸ್‌ಟಿಡಿ ಬೂತಿನ ಥರದ ಗುಡಿಸಲು. ಒಳಹೊಕ್ಕು ಉಲ್ರಿರಾ ಅನ್ನುವ ಅಜ್ಜನಿಗೆ ಫೋನ್ ಮಾಡಿದರೆ ಸುಳಿವು ಕೊಡ್ತಾನೆ. ಸುಳಿವು ಮಾತ್ರ, ಕೈಹಿಡಿದು ನಡೆಸೂದಿಲ್ಲ. ಎದುರಿಗೆ ಸಿಕ್ಕರೆ ನಾಚಿಕೊಂಡು ಬಾಯಿ ಬಿಡದವ ಫೋನಿನಲ್ಲಿ ಬಲು ಮಾತುಗಾರ. (ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇಂಥವರು ಹತ್ತು ಜನ ಇದ್ದೀರಿ.)

ಇನ್ನೊಂದು ಹೇಳಿಬಿಡ್ತೇನೆ, ಹೇಗೂ ಅಣ್ಣ ಓದ್ತಾನೆ. ಆಟದೊಳಗಿನ ಅಂಗಡಿಯಲ್ಲಿ ಬಿಲ್ಲು-ಬಾಣಕ್ಕೆ 980 ರೂಪಾಯಿ. ಅಷ್ಟು ಕೂಡಿಸುವಷ್ಟರಲ್ಲಿ ಸೆಲ್ ಮುಗೀತಿತ್ತು. ಒಂದಿನ ಅಂಗಡಿಯವನ ಸುತ್ತ ಗಿರಗಿರ ತಿರುಗಿ, ಅವನ ಕಣ್ಣು ತಪ್ಪಿಸಿ, ಬಿಲ್ಲು ಹಿಡಿದು ಹೊರಗೆ ಓಡಿದೆ. ಆವತ್ತಿಂದ ಊರವರೆಲ್ಲ ನನ್ನನ್ನು 'ಥೀಫ್' ಅಂತ ಕರೆಯಲು ಶುರು. ಶಾಲೆಯ ಡಿಕ್ಷನರಿ ತೆಗೆದು ನೋಡಿ ಅಲ್ಲೇ ಬೆವೆತೆ. ಮತ್ತೆ ಅಂಗಡಿಗೆ ಕಾಲಿಟ್ಟರೆ ಅಂಗಡಿಯವ ಮಿಂಚು ಹೊಡೆದು ಕೊಂದೇ ಹಾಕಿದ. ಕಷ್ಟ ಅದಲ್ಲ. ನಾನು ಆಡ್ತಿದ್ದದ್ದು ಅಣ್ಣ ತನ್ನ ಹೆಸರು ಹಾಕಿ ಶುರು ಮಾಡಿದ್ದ ಆಟ. ಮುಂದಿನ ಭಾನುವಾರ ಅವ ಆನ್ ಮಾಡಿದಾಗ ತನ್ನ ಹೆಸರಿದ್ದ ಜಾಗದಲ್ಲಿ 'ಥೀಫ್' ಅಂತ ಇತ್ತು. ಯಂತ್ರ ಕೆಟ್ಟಿದೆ ಅಂತ ನನಗೇ ಕೊಟ್ಟುಬಿಟ್ಟ. ಅಣ್ಣ, ಕೆಟ್ಟಿರಲಿಲ್ಲ.

2019ರ ಸೆಪ್ಟೆಂಬರ್ 20ಕ್ಕೆ ಈ ಆಟದ ಹೊಸ ರೂಪವೂ ಸ್ವಿಚ್ ಲೈಟೂ ಒಂದೇ ದಿನ ಬಂದವು. ಆಗಲೇ ಕೊಳ್ಳಬೇಕು ಅನಿಸಿತ್ತು, ಈ ವಯಸ್ಸಿನಲ್ಲಿ ಎಂತ ಹುಚ್ಚು ಅಂತಾರೆ ಅಂತ ಸುಮ್ಮನಾದೆ. ನಿನ್ನೆ ರಾತ್ರಿ ಹುಡುಗ ಮಲಗಿದ ಮೇಲೆ ಅವನದ್ದನ್ನೇ ಎತ್ತಿಕೊಂಡೆ. ಬಣ್ಣ ಬಂದಿದೆ, ಎಲ್ಲ ಗೊಂಬೆಯಂಗಡಿಯ ಹಾಗೆ ಹೊಳೀತದೆ. ಆದರೆ ದಾರಿ ಅದೇ. ಬೆರಳಿಗೆ ಇನ್ನೂ ನೆನಪಿತ್ತು, ಮೂವತ್ತು ವರ್ಷ ಆಗ್ತಾ ಬಂದರೂ.

ಇವತ್ತು ಬೆಳಿಗ್ಗೆ ಅವನ ಫೋನ್ ತೆಗೆದು ಅಕ್ಕಿ ಡಬ್ಬಿಯಲ್ಲಿಟ್ಟಿದ್ದೇನೆ. ಆಟ ಮೊದಲಿಂದ ಶುರು ಮಾಡಿಸಿದ್ದೇನೆ. ಸ್ವಲ್ಪ ಹೊತ್ತು ಅತ್ತ, ಆಮೇಲೆ ಕೂತ. ನಿನ್ನೆ ಕಂಡದ್ದೊಂದೂ ತಲೆಯಲ್ಲಿ ನಿಂತಿಲ್ಲ ನೋಡಿ, ಈಗ ಬಾಳೆಹಣ್ಣು ಹಿಡಿದು ಒಂದು ಗಂಟೆಯಿಂದ ಊರು ಸುತ್ತುತ್ತಿದ್ದಾನೆ. "ಅತ್ತೆ, ಒಂದೇ ಒಂದು ಹಿಂಟ್" ಅಂತ ಮೂರು ಸಲ ಬಂದ. ಅವನಿಗೆ ಕನ್ನಡ ಓದಲು ಬರೂದಿಲ್ಲ, ಆ ಧೈರ್ಯದಿಂದಲೇ ಇಲ್ಲಿ ಎಲ್ಲ ಬರೆದದ್ದು. ಕಮೆಂಟಿನಲ್ಲಿ ಯಾರೂ ಇಂಗ್ಲಿಷಿನಲ್ಲಿ ಉಪಕಾರ ಮಾಡಲು ಬರಬೇಡಿ. ಹಿತ್ತಲ ಬಾಗಿಲು ತೆರೆದಿಟ್ಟಿದ್ದೇನೆ, ಗೊನೆ ಹೊರಗೇ ಇದೆ, ಇವತ್ತು ಕಾಯೂದಿಲ್ಲ.