ನನ್ನ ಹೆಸರು ಹೇಳಿ, ಸಾಕು

ವಾರಕ್ಕೊಮ್ಮೆ ಬೆಳಗಿನ ಏಳು ಗಂಟೆಗೆ, ಯಾರ ಒತ್ತಾಯವೂ ಇಲ್ಲದೆ ಎದ್ದು ಬಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತು, ಇನ್ನೊಬ್ಬರ ವ್ಯಾಪಾರ ಬೆಳೆಯಲೆಂದು ಹಾರೈಸುವ ಮೂವತ್ತು ಜನರನ್ನು ಒಂದೇ ಕೋಣೆಯಲ್ಲಿ ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ನನಗೂ ಬಂದಿತ್ತು. ಈಗ ಆ ಗುಂಪಿನ ಅಧ್ಯಕ್ಷ ನಾನೇ ಆಗಿರುವುದರಿಂದ ಅನುಮಾನಪಡಲು ಪುರುಸೊತ್ತಿಲ್ಲ.

ಒಬ್ಬರಿಗೊಬ್ಬರು ಗಿರಾಕಿಗಳನ್ನು ತೋರಿಸಿಕೊಡುವ ಇಂಥ ಗುಂಪುಗಳ ಏರ್ಪಾಡು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಒಂದು ಉದ್ಯೋಗಕ್ಕೆ ಒಬ್ಬರೇ ಸದಸ್ಯರು. ಒಬ್ಬ ವಕೀಲರು, ಒಬ್ಬ ಲೆಕ್ಕ ಪರಿಶೋಧಕರು, ಒಬ್ಬ ವಿಮಾ ಏಜೆಂಟ್, ಒಬ್ಬ ಪ್ಲಂಬರ್. ಪ್ರತಿಯೊಬ್ಬರೂ ಎದ್ದು ನಿಂತು ಒಂದು ನಿಮಿಷ ತಮ್ಮ ಕೆಲಸದ ಬಗ್ಗೆ ಹೇಳಬೇಕು. ಆಮೇಲೆ ಮುಖ್ಯ ಕಾರ್ಯಕ್ರಮ: ರೆಫರಲ್ ಕೊಡುವುದು. 'ಇಂಥವರಿಗೆ ಇಂಥ ಕೆಲಸ ಆಗಬೇಕಾಗಿದೆ, ನಿಮ್ಮ ಬಗ್ಗೆ ಹೇಳಿದ್ದೇನೆ, ಫೋನ್ ಮಾಡಿ.' ಹಾಜರಿ ಕಡ್ಡಾಯ. ಬರಲಾಗದಿದ್ದರೆ ಬದಲಿ ಒಬ್ಬರನ್ನು ಕಳುಹಿಸಬೇಕು. ಈ ಕಟ್ಟುಪಾಡುಗಳನ್ನು ಜಗತ್ತಿನಾದ್ಯಂತ ಹರಡಿದ ಬಿಎನ್‌ಐ (ಬಿಸಿನೆಸ್ ನೆಟ್‌ವರ್ಕ್ ಇಂಟರ್‌ನ್ಯಾಷನಲ್) ಸಂಸ್ಥೆಯನ್ನು ಐವನ್ ಮಿಸ್ನರ್ ಎಂಬುವರು 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದರು. ಆದರೆ ಆಸೆ ಅದಕ್ಕಿಂತ ಬಹಳ ಹಳೆಯದು. 1727ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಕಟ್ಟಿದ 'ಜಂಟೊ' ಎಂಬ ಕೂಟ ಶುಕ್ರವಾರಗಳ ಸಂಜೆ ಸೇರುತ್ತಿತ್ತು. ನೀತಿ, ರಾಜಕೀಯ, ವಿಜ್ಞಾನ ಎಂದು ದೊಡ್ಡ ದೊಡ್ಡ ವಿಷಯಗಳ ಚರ್ಚೆಯೇನೋ ನಡೆಯುತ್ತಿತ್ತು. ಜೊತೆಗೆ ಪ್ರತಿ ಸಲವೂ ಓದುತ್ತಿದ್ದ ಪ್ರಶ್ನೆಗಳ ಪಟ್ಟಿಯಲ್ಲಿ, ನಿಮಗೆ ಯಾರ ಸ್ನೇಹವಾದರೂ ಬೇಕಾಗಿದೆಯೇ, ಅದನ್ನು ನಮ್ಮಲ್ಲಿ ಯಾರಾದರೂ ದೊರಕಿಸಿಕೊಡಬಹುದೇ ಎಂಬ ಅರ್ಥದ ಒಂದು ಪ್ರಶ್ನೆಯೂ ಇತ್ತು. ಫ್ರಾಂಕ್ಲಿನ್ ಆಗ ಮುದ್ರಣದ ಕೆಲಸದವನು. ಗಿರಾಕಿಗಳ ಚಿಂತೆ ಆತನಿಗೂ ಇದ್ದಿರಲೇಬೇಕು.

ನಮ್ಮ ನಿಜವಾದ ಪೂರ್ವಜರೆಂದರೆ ರೋಟರಿಯವರು. 1905ರಲ್ಲಿ ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್ ಮತ್ತು ಒಬ್ಬ ದರ್ಜಿ, ಹೀಗೆ ನಾಲ್ವರು ಸೇರಿ ಶುರುವಾದದ್ದು. ಉದ್ಯೋಗಕ್ಕೊಬ್ಬರು ಎಂಬ ನಿಯಮ ಅಲ್ಲಿಯೂ ಇತ್ತು. ಸದಸ್ಯರ ವ್ಯಾಪಾರದ ಹಿತ ಕಾಯುವುದು ತಮ್ಮ ಗುರಿ ಎಂದು ಅವರು ಯಾವ ಸಂಕೋಚವೂ ಇಲ್ಲದೆ ನಿಯಮಾವಳಿಯಲ್ಲೇ ಬರೆದುಕೊಂಡಿದ್ದರು. ಹೀಗಿರುವಾಗ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಸದಸ್ಯರಾಗಲು ಕರೆದರೆ ಅವರು ಒಪ್ಪಲಿಲ್ಲ. ತನ್ನವರ ಲಾಭವನ್ನು ಮಾತ್ರ ನೋಡಿಕೊಳ್ಳುವ ಕೂಟಕ್ಕೆ ಭವಿಷ್ಯವಿಲ್ಲ ಎಂದರು. ಆ ಮಾತು ನಾಟಿತು. ನಗರದ ಹಿತವೂ ನಮ್ಮ ಗುರಿ ಎಂದು ಸೇರಿಸಿ, ಸಾರ್ವಜನಿಕ ಶೌಚಾಲಯಕ್ಕಾಗಿ ಓಡಾಡಿದರು. ಮುಂದಿನದು ಇತಿಹಾಸ. ನಮ್ಮಂಥ ಗುಂಪುಗಳು ಮಾತ್ರ ಕಾರ್ಟರ್ ಬರುವುದಕ್ಕೆ ಮುಂಚಿನ ರೋಟರಿಯಲ್ಲೇ ಆರಾಮವಾಗಿ ಉಳಿದುಕೊಂಡಿವೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣುವುದಿಲ್ಲ. ಸಮಾಜಸೇವೆಯ ಹೆಸರಿನಲ್ಲಿ ವ್ಯಾಪಾರ ಮಾಡುವುದಕ್ಕಿಂತ ವ್ಯಾಪಾರದ ಹೆಸರಿನಲ್ಲೇ ವ್ಯಾಪಾರ ಮಾಡುವುದು ಎಷ್ಟೋ ಮೇಲು.

ಹೊಸದಾಗಿ ಸೇರಿದವರು ಇಲ್ಲಿ ಗಿರಾಕಿಗಳ ವಿನಿಮಯ ನಡೆಯುತ್ತದೆ ಎಂದುಕೊಂಡಿರುತ್ತಾರೆ. ನಡೆಯುವುದು ಹೆಸರಿನ ಸಾಲ. ನಮ್ಮ ಪ್ಲಂಬರನ್ನು ನಾನು ನನ್ನ ಭಾವಮೈದುನನ ಮನೆಗೆ ಕಳುಹಿಸುವಾಗ ಅವರೊಂದಿಗೆ ನನ್ನ ಹೆಸರೂ ಹೋಗುತ್ತದೆ. ಪೈಪು ಸರಿಯಾದರೆ ಹೊಗಳಿಕೆ ಪ್ಲಂಬರಿಗೆ. ಸೋರಿದರೆ ಮುಂದಿನ ಹತ್ತು ವರ್ಷ ಪ್ರತಿ ಮದುವೆ, ಗೃಹಪ್ರವೇಶದಲ್ಲೂ 'ನೀವು ಕಳಿಸಿದ್ದಿರಲ್ಲ, ಆ ಮನುಷ್ಯ' ಎಂದು ನಾನೇ ಕೇಳಿಸಿಕೊಳ್ಳಬೇಕು. ಸಾಲಕ್ಕೆ ಜಾಮೀನು ಹಾಕಿದವನಿಗಾದರೂ ಕಾನೂನಿನಲ್ಲಿ ಒಂದು ಮಿತಿ ಇದೆ. ಈ ಜಾಮೀನಿಗೆ ಅವಧಿಯೇ ಇಲ್ಲ. ಹಾಗಾಗಿ ಮುಖದ ತುಂಬ ನಗು ಇಟ್ಟುಕೊಂಡ ಮೂವತ್ತು ಜನರು ಒಳಗೊಳಗೆ ಮಹಾ ಜಿಪುಣರಾಗಿರುತ್ತಾರೆ. ಹಣ ಬಿಚ್ಚುವುದರಲ್ಲಿ ಧಾರಾಳಿಗಳು, ಹೆಸರು ಬಿಚ್ಚುವುದರಲ್ಲಿ ಅಲ್ಲ.

ಆದರೆ ಗುಂಪಿನ ನಿಯಮಕ್ಕೆ ಈ ಸಂಕೋಚ ಅರ್ಥವಾಗುವುದಿಲ್ಲ. ಅದಕ್ಕೆ ಲೆಕ್ಕ ಬೇಕು. ಈ ತಿಂಗಳು ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಪರದೆಯ ಮೇಲೆ ಮೂಡುತ್ತದೆ. ಸೊನ್ನೆಯ ಪಕ್ಕದಲ್ಲಿ ತನ್ನ ಹೆಸರನ್ನು ನೋಡಿಕೊಳ್ಳುವುದು ದೊಡ್ಡ ದೊಡ್ಡ ಗುತ್ತಿಗೆದಾರರಿಗೂ ಸಹ್ಯವಲ್ಲ. ಆಗ ಹುಟ್ಟುವುದೇ ಮುಲಾಜಿನ ರೆಫರಲ್. ದಂತವೈದ್ಯರಿಗೆ ರೆಫರಲ್ ಕೊಟ್ಟೆ ಎನ್ನುತ್ತಾರೆ. ಯಾರಿಗೆ ನೋವು ಎಂದರೆ, ತಮಗೇ, ಹೋದ ವರ್ಷದಿಂದ. 'ನಮ್ಮ ಪರಿಚಯದವರೊಬ್ಬರು ಮನೆ ಕಟ್ಟಿಸುವ ಯೋಚನೆಯಲ್ಲಿದ್ದಾರೆ' ಎಂದು ವಾಸ್ತುಶಿಲ್ಪಿಗೆ ಒಂದು ನಂಬರು ಕೊಡುತ್ತಾರೆ. ಫೋನ್ ಮಾಡಿದರೆ ಆ ಪುಣ್ಯಾತ್ಮರು ಇನ್ನೂ ನಿವೇಶನವನ್ನೇ ಕೊಂಡಿರುವುದಿಲ್ಲ. ಕೆಲವೊಮ್ಮೆ ಕೊಟ್ಟವರ ಹೆಸರನ್ನೇ ಕೇಳಿರುವುದಿಲ್ಲ. ಆ ಕಡೆಯವರು ನಮ್ಮ ಕರೆಗಾಗಿ ಕಾಯುತ್ತಿದ್ದರೆ ಅದು ರೆಫರಲ್. ಕಾಯುತ್ತಿಲ್ಲವಾದರೆ ಬರೀ ಒಂದು ಫೋನ್ ನಂಬರು. ಈ ವ್ಯತ್ಯಾಸವನ್ನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ತಿಂಗಳ ಕೊನೆಯ ವಾರದಲ್ಲಿ ಫೋನ್ ನಂಬರುಗಳ ಸುಗ್ಗಿ.

ಒಂದು ನಿಮಿಷದ ಭಾಷಣವೂ ಒಂದು ಸ್ವಾರಸ್ಯ. 'ಯಾರಿಗಾದರೂ ವಿಮೆ ಬೇಕಿದ್ದರೆ ನನ್ನ ಹೆಸರು ಹೇಳಿ' ಎಂದು ಏಜೆಂಟರು ಹೇಳಿದಾಗ ಕೋಣೆಯಲ್ಲಿ ಯಾರ ನೆನಪಿಗೂ ಯಾವ ಮುಖವೂ ಬರುವುದಿಲ್ಲ. ಅದೇ ಏಜೆಂಟರು, 'ಈ ವರ್ಷ ಮೊದಲ ಮಗುವಾದ ತಂದೆ ಯಾರಾದರೂ ನಿಮ್ಮ ಕಚೇರಿಯಲ್ಲಿದ್ದಾರೆಯೇ?' ಎಂದು ಕೇಳಿದ ದಿನ ಇಬ್ಬರ ಕೈ ತಾನಾಗಿ ಮೇಲೆದ್ದಿತು. ಬಲೆ ದೊಡ್ಡದಾದಷ್ಟೂ ಹೆಚ್ಚು ಸಿಗುತ್ತದೆ ಎಂಬ ನಂಬಿಕೆಯನ್ನು ವ್ಯಾಪಾರಿಗಳಿಂದ ಬಿಡಿಸುವುದು ಮಾತ್ರ ಬಹಳ ಕಷ್ಟ. ಕೇಳುವುದನ್ನು ಕಿರಿದು ಮಾಡಿಕೊಳ್ಳಿ ಎಂದರೆ, ಬಂದ ಲಕ್ಷ್ಮಿಯನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲು ಹೇಳಿದವನಂತೆ ನನ್ನನ್ನು ನೋಡುತ್ತಾರೆ.

ಕೆಲವು ಉದ್ಯೋಗಗಳಿಗೆ ಈ ಒಂದು ನಿಮಿಷವೇ ಶಿಕ್ಷೆ. ವಿವಾಹ ವಿಚ್ಛೇದನದ ವಕೀಲರು ಎದ್ದು ನಿಂತು ಏನೆಂದು ಕೇಳಬೇಕು? ಅವರು ಬಾಯಿ ತೆರೆದೊಡನೆ ಎಲ್ಲರೂ ಮೇಜಿನ ಮೇಲಿನ ಪೆನ್ನು ಪರೀಕ್ಷಿಸತೊಡಗುತ್ತಾರೆ. ತಿಗಣೆ, ಗೆದ್ದಲು ನಿವಾರಿಸುವ ನಮ್ಮ ಕೀಟ ನಿಯಂತ್ರಣದವರ ಪಾಡು ಇನ್ನೂ ವಿಚಿತ್ರ. ಸಭೆಯಲ್ಲಿ ಅವರಿಗೆ ರೆಫರಲ್ ಕೊಟ್ಟವರನ್ನು ನಾನು ಕಂಡಿಲ್ಲ. ಸಭೆ ಮುಗಿದ ಮೇಲೆ ವಾಹನ ನಿಲ್ಲಿಸುವ ಜಾಗದಲ್ಲಿ ಒಬ್ಬೊಬ್ಬರಾಗಿ ಅವರ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ಯುತ್ತಾರೆ. 'ನಮ್ಮ ಮನೆಯಲ್ಲಲ್ಲ, ಪಕ್ಕದ ಮನೆಯವರಿಗೆ' ಎನ್ನುತ್ತಾರೆ. ಪಟ್ಟಿಯಲ್ಲಿ ಅವರಿಗೆ ಬಂದದ್ದು ಸೊನ್ನೆ. ಕೆಲಸ ಮಾತ್ರ ಕೈತುಂಬ. ಸದಸ್ಯತ್ವ ನವೀಕರಣದ ದಿನ ಮೊದಲು ಹಣ ಕಟ್ಟುವವರು ಅವರೇ.

ಯಾವ ಕೆಲಸ ಯಾವ ಸದಸ್ಯರ ಪಾಲಿನದು ಎಂಬ ಜಗಳಗಳನ್ನು ವಿವರಿಸಹೋದರೆ ಮುಗಿಯುವುದಿಲ್ಲ. ಅಡುಗೆಮನೆಯ ಕಪಾಟು ಮಾಡುವುದು ಒಳಾಂಗಣ ವಿನ್ಯಾಸಕರ ಹಕ್ಕೋ ಬಡಗಿಯ ಹಕ್ಕೋ ಎಂಬ ವ್ಯಾಜ್ಯ ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಇಬ್ಬರೂ ಪರಸ್ಪರ ನಮಸ್ಕರಿಸುತ್ತಾರೆ, ಕುಳಿತುಕೊಳ್ಳುವುದು ಕೋಣೆಯ ಎರಡು ತುದಿಗಳಲ್ಲಿ.

ನನ್ನನ್ನು ಹೆಚ್ಚು ಕಾಡುವುದು ಜಗಳವಲ್ಲ, ಸ್ನೇಹ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ಹೊಸ ಕೆಲಸದ ಸುದ್ದಿ ನಮಗೆ ಬಹಳ ಸಲ ಮುಟ್ಟುವುದು ಆಪ್ತ ಗೆಳೆಯರಿಂದಲ್ಲ, ಅಪರೂಪಕ್ಕೆ ಭೇಟಿಯಾಗುವ ಪರಿಚಿತರಿಂದ ಎಂಬುದು ಅದರ ಒಂದು ಮುಖ್ಯ ಅಂಶ. ಆಪ್ತರಿಗೆ ಗೊತ್ತಿರುವ ಜನರೆಲ್ಲ ನಮಗೂ ಗೊತ್ತಿರುತ್ತಾರಲ್ಲ! ಇದನ್ನು ನನ್ನ ಗುಂಪಿಗೆ ಹೊಂದಿಸಿ ನೋಡಿದಾಗ ದಿಗಿಲಾಯಿತು. ಹೆಸರು ಸಾಲ ಕೊಡಬೇಕಾದರೆ ಮನುಷ್ಯ ಹತ್ತಿರದವನಾಗಿರಬೇಕು. ಹೊಸ ಗಿರಾಕಿಯ ಸುದ್ದಿ ತರಬೇಕಾದರೆ ದೂರದವನಾಗಿರಬೇಕು. ಮೊದಲ ವರ್ಷ ಒಬ್ಬರನ್ನೊಬ್ಬರು ನಂಬುವುದಿಲ್ಲ. ಐದನೆಯ ವರ್ಷದ ಹೊತ್ತಿಗೆ ಪ್ರಾಣ ಕೊಡುವಷ್ಟು ನಂಬುತ್ತಾರೆ, ಆದರೆ ಎಲ್ಲರ ಪರಿಚಯಸ್ಥರೂ ಎಲ್ಲರಿಗೂ ಪರಿಚಯವಾಗಿ ಮುಗಿದಿರುತ್ತಾರೆ. ಎರಡೂ ಕೂಡಿ ಬರುವ ಕಾಲ ನಡುವೆ ಎಲ್ಲೋ ಸ್ವಲ್ಪ ಇದೆ. ಅದನ್ನು ಎಳೆದು ಉದ್ದ ಮಾಡುವುದೇ ಅಧ್ಯಕ್ಷನ ಕೆಲಸ. ಅದಕ್ಕೆಂದೇ ಪ್ರತಿ ವಾರ ಹೊಸ ಅತಿಥಿಗಳನ್ನು ಕರೆತನ್ನಿ ಎಂದು ಗೋಗರೆಯುತ್ತೇನೆ. ಹಳಬರು ಕರೆತರುತ್ತಾರೆ, ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿ ತಾವು ಹಳೆಯ ಗೆಳೆಯರ ನಡುವೆ ಹೋಗಿ ಕುಳಿತುಬಿಡುತ್ತಾರೆ. ಆ ಅತಿಥಿಗಳ ಪಕ್ಕದಲ್ಲಿ ಕುಳಿತು ಮಾತನಾಡಿಸುವ ಭಾಗ್ಯ ನನ್ನದು.

ಹಾಗೆ ಒಮ್ಮೆ ಮಾತನಾಡಿಸುತ್ತಿದ್ದಾಗ ಅತಿಥಿಯೊಬ್ಬರು, 'ತಮ್ಮ ಉದ್ಯೋಗವೇನು?' ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ನಮ್ಮ ಖಜಾಂಚಿಗಳು ಹೆಮ್ಮೆಯಿಂದ, 'ಇವರು ನಮ್ಮ ಅಧ್ಯಕ್ಷರು' ಎಂದರು. 'ಅದು ಸರಿ, ಉದ್ಯೋಗ?' ಖಜಾಂಚಿಗಳು ಒಂದು ಕ್ಷಣ ಯೋಚಿಸಿ ನನ್ನ ಕಡೆ ತಿರುಗಿದರು. ಮುದ್ರಣಾಲಯ ಇಟ್ಟುಕೊಂಡಿದ್ದೇನೆ ಎಂದೆ. 'ಅಯ್ಯೋ, ಮೊದಲೇ ಹೇಳಬಾರದಾಗಿತ್ತೇ ಸಾರ್' ಎಂದರು ಖಜಾಂಚಿಗಳು, 'ನಮ್ಮ ಗುಂಪಿನ ರೆಫರಲ್ ಪುಸ್ತಕಗಳನ್ನೆಲ್ಲ ನಿನ್ನೆ ತಾನೇ ಹೊರಗಡೆ ಅಚ್ಚು ಹಾಕಿಸಿಕೊಂಡು ಬಂದೆ.'