ಸದನದೊಳಗೆ ಚಾನೆಲ್ ಕ್ಯಾಮೆರಾ: ಬೇಕಾ, ಬೇಡ್ವಾ?

ಪರ

2012ರ ಫೆಬ್ರವರಿ. ವಿಧಾನಸಭೆಯಲ್ಲಿ ಕಲಾಪ ನಡೆಯುತ್ತಿದ್ದಾಗಲೇ ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ಓಡುತ್ತಿದ್ದುದನ್ನು ಚಾನೆಲ್ ಕ್ಯಾಮೆರಾ ಹಿಡಿಯಿತು. ಮಾರನೇ ದಿನವೇ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಒಳಗಿದ್ದದ್ದು ಸದನದ್ದೇ ಕ್ಯಾಮೆರಾ ಆಗಿದ್ದರೆ ಇದು ಹೊರಗೆ ಬರುತ್ತಿತ್ತಾ? ನನಗಂತೂ ನಂಬಿಕೆಯಿಲ್ಲ. ಅಧಿಕೃತ ಕ್ಯಾಮೆರಾ ಮಾತಾಡುವವರ ಮುಖ ತೋರಿಸುತ್ತದೆ. ಗದ್ದಲ ಎದ್ದರೆ ಸ್ಪೀಕರ್ ಪೀಠದ ಕಡೆ ತಿರುಗುತ್ತದೆ. ಹಿಂದಿನ ಸಾಲಿನ ನಿದ್ದೆ, ಖಾಲಿ ಕುರ್ಚಿ ಅದಕ್ಕೆ ಕಾಣುವುದೇ ಅಪರೂಪ.

2019ರ ಅಕ್ಟೋಬರ್‌ನಲ್ಲಿ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ಖಾಸಗಿ ಚಾನೆಲ್‌ಗಳ ಕ್ಯಾಮೆರಾ ಒಳಗೆ ಬರುವುದನ್ನು ನಿಲ್ಲಿಸಿದರು. ಸದನದ ಕ್ಯಾಮೆರಾ ಹಿಡಿದು ಕೊಟ್ಟ ಫೀಡ್, ಅಂದರೆ ನೇರ ದೃಶ್ಯ, ಬಳಸಿಕೊಳ್ಳಿ ಅಂತ ಲೆಕ್ಕ. ಆದರೆ ಕೊಡುವವರ ಕೈಯಲ್ಲೇ ಸ್ವಿಚ್ಚೂ ಇರುತ್ತದಲ್ಲ! 2014ರ ಫೆಬ್ರವರಿ 18ರಂದು ಲೋಕಸಭೆಯಲ್ಲಿ ತೆಲಂಗಾಣ ಮಸೂದೆ ಪಾಸಾಗುವ ಹೊತ್ತಿಗೇ ನೇರಪ್ರಸಾರ ಕಡಿದುಹೋಯಿತು. ತಾಂತ್ರಿಕ ತೊಂದರೆ ಅಂದರು. ಇದ್ದರೂ ಇರಬಹುದು. ಆದರೆ ಒಂದು ರಾಜ್ಯವನ್ನೇ ಎರಡು ಮಾಡುವ ಗಳಿಗೆಯಲ್ಲಿ ಬೇರೆ ಕ್ಯಾಮೆರಾವೊಂದು ಒಳಗಿದ್ದಿದ್ದರೆ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ, ಅಲ್ವಾ?

ವಿರೋಧ

ಆ 2012ರ ಕಥೆಯನ್ನು ಅಲ್ಲಿಗೇ ಬಿಡಬಾರದು. ರಾಜೀನಾಮೆ ಕೊಟ್ಟ ಮೂವರಲ್ಲಿ ಒಬ್ಬರು 2019ರ ಆಗಸ್ಟ್‌ನಲ್ಲಿ ಉಪಮುಖ್ಯಮಂತ್ರಿಯೇ ಆದರು. ಟಿವಿಯವರು ವಾರಗಟ್ಟಲೆ ಕೂಗಿದ್ದಕ್ಕೆ ಸಿಕ್ಕ ಫಲ ಇಷ್ಟೇ.

ಇನ್ನು, ಚಾನೆಲ್‌ಗಳಿಗೆ ಸದನದಿಂದ ಬೇಕಾದದ್ದು ಏನು? ಒಬ್ಬರು ಆಕಳಿಸಿದ ಹತ್ತು ಸೆಕೆಂಡು. ಕೆಂಪು ಗೆರೆ ಎಳೆದು, ಸ್ಲೋ ಮೋಷನ್‌ನಲ್ಲಿ, ಹಿನ್ನೆಲೆ ಸಂಗೀತ ಹಾಕಿ ಸಂಜೆತನಕ ಅದನ್ನೇ ತಿರುಗಿಸುತ್ತಾರೆ. ಅದೇ ದಿನ ಕುಡಿಯುವ ನೀರಿನ ಬಗ್ಗೆ ಅರ್ಧ ಗಂಟೆ ಅಂಕಿಅಂಶ ಇಟ್ಟುಕೊಂಡು ಮಾತಾಡಿದ ಶಾಸಕರ ಒಂದು ಬೈಟೂ ಬರುವುದಿಲ್ಲ. ಶಾಸಕರೇನು ದಡ್ಡರಲ್ಲ. ಯಾವುದಕ್ಕೆ ಫೂಟೇಜ್ ಸಿಗುತ್ತದೆ ಅಂತ ಬೇಗ ಕಲಿಯುತ್ತಾರೆ. ಆಮೇಲೆ ಕಾಗದ ಹರಿಯುವುದು, ಸ್ಪೀಕರ್ ಪೀಠದ ಮುಂದಿನ ಬಾವಿಗಿಳಿಯುವುದು ಜಾಸ್ತಿಯಾದರೆ ಆಶ್ಚರ್ಯವೇನು?

2019ರ ಜುಲೈನ ವಿಶ್ವಾಸಮತ ನೆನಪಿಸಿಕೊಳ್ಳಿ. ದಿನಗಟ್ಟಲೆ ಎಳೆದು, ಕೊನೆಗೆ 99–105ರಲ್ಲಿ ಕುಮಾರಸ್ವಾಮಿ ಸರ್ಕಾರ ಬಿತ್ತು. ನಾವೆಲ್ಲ ಧಾರಾವಾಹಿ ನೋಡಿದಂತೆ ನೋಡಿದೆವು. ಅದೇ ತಿಂಗಳ ಕೊನೆಗೆ ಇದೇ ಸದನದಲ್ಲಿ ಹಣಕಾಸು ಮಸೂದೆಯೂ ಪಾಸಾಯಿತು. ಅದು ಎಷ್ಟು ಜನಕ್ಕೆ ಗೊತ್ತು?

ಸ್ವಿಚ್ ಯಾರ ಕೈಯಲ್ಲಿ ಅನ್ನುವ ಪ್ರಶ್ನೆ ಮಾತ್ರ ಸರಿಯಾದದ್ದೇ, ಅದನ್ನು ಸುಮ್ನೆ ತಳ್ಳಿಹಾಕಲಾಗದು. ಆದರೆ ಅದಕ್ಕೆ ಹತ್ತು ಚಾನೆಲ್‌ಗಳನ್ನು ಒಳಗೆ ಬಿಡಬೇಕಿಲ್ಲ. 1989ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಟಿವಿಗೆ ಬಾಗಿಲು ತೆರೆದಾಗಲೂ ಚಾನೆಲ್‌ಗೊಂದು ಕ್ಯಾಮೆರಾ ಅಂತ ಬಿಡಲಿಲ್ಲ. ಎಲ್ಲರಿಗೂ ಒಂದೇ ಫೀಡ್. ಇಲ್ಲೂ ಹಾಗೇ ಮಾಡಲಿ. ಜತೆಗೆ ಗದ್ದಲದ ಹೊತ್ತಲ್ಲೂ ಇಡೀ ಸದನ ಕಾಣುವ ಹಾಗೆ ಇನ್ನೊಂದು ಕ್ಯಾಮೆರಾ ಇಡಲಿ. ಅದರ ಪೂರ್ತಿ ರೆಕಾರ್ಡಿಂಗ್ ಯೂಟ್ಯೂಬ್‌ನಲ್ಲಿ ಕತ್ತರಿ ಹಾಕದೆ ಸಿಗಲಿ. ಆಕಳಿಕೆ ಬೇಕಾದವರು ಅದರಲ್ಲೇ ಹುಡುಕಿಕೊಳ್ಳಬಹುದು.